ನಿರ್ಮಾಲ್ಯ ಸೇರಬೇಕಾದ ಮಣ್ಣು

ಅಮಾವಾಸ್ಯೆಗೆ ಘತ್ತರಗಿಯ ಭಾಗ್ಯವಂತಿ, ಹುಣ್ಣಿಮೆಗೆ ದೇವಲ ಗಾಣಗಾಪುರದ ದತ್ತಾತ್ರೇಯ. ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನಲ್ಲಿ, ಭೀಮಾ ಹೊಳೆಯ ದಂಡೆಯ ಈ ಎರಡು ಕ್ಷೇತ್ರಗಳಿಗೆ ಜನ ಹೊತ್ತು ಬರುವ ಹರಕೆಗಳು ನೂರು ಬಗೆಯವು. ಜೇವರ್ಗಿ ತಾಲ್ಲೂಕಿನ ಕೊಳಕೂರ ಸೀಮೆಯವರಿರಲಿ, ಆಳಂದದ ಕಡೆಯವರಿರಲಿ, ಗಡಿಯಾಚೆಯ ಅಕ್ಕಲಕೋಟೆ, ಸೊಲ್ಲಾಪುರದವರಿರಲಿ, ಎಲ್ಲರ ಕೈಯಲ್ಲೂ ಹೂವಿರುತ್ತದೆ. ಗುಲಾಬಿ, ಸೇವಂತಿ, ಚೆಂಡು ಹೂ, ಮಲ್ಲಿಗೆ, ಸುಗಂಧರಾಜ. ಮರುದಿನ ಬೆಳಗಿನ ಪೂಜೆ ಶುರುವಾಗುವುದೇ ನಿನ್ನೆಯ ಹೂ ಇಳಿಸುವುದರಿಂದ. ದೇವರ ಮೈಮೇಲಿಂದ ಇಳಿದ ಗಳಿಗೆಯಿಂದ ಅದು ನಿರ್ಮಾಲ್ಯ. ಅದನ್ನು ತುಳಿಯುವಂತಿಲ್ಲ, ಕಂಡಲ್ಲಿ ಬಿಸಾಡುವಂತಿಲ್ಲ, ಮತ್ತೆ ಏರಿಸುವಂತೆಯೂ ಇಲ್ಲ. ಹಾಗಾದರೆ ಅದು ಹೋಗಬೇಕಾದದ್ದು ಎಲ್ಲಿಗೆ?

ರೂಢಿಯ ಉತ್ತರ ಹೊಳೆ. ಇನ್ನೊಂದು ಉತ್ತರವೂ ಇದೆ. ನಿರ್ಮಾಲ್ಯವನ್ನು ಕೊಳೆಸಿ ಗೊಬ್ಬರ ಮಾಡುವುದು, ಆ ಗೊಬ್ಬರವನ್ನು ಹೂಗಿಡಗಳ ಬುಡಕ್ಕೆ ಹಾಕುವುದು, ಆ ಗಿಡಗಳ ಹೂವನ್ನು ಮತ್ತೆ ದೇವರಿಗೆ ಏರಿಸುವುದು. ಕೇಳಲು ಸರಳ. ಆದರೆ ನಂಬಿ ನಡೆಯುವವರಿಗೆ ಇಲ್ಲಿ ಎರಡು ಅಳುಕುಗಳಿವೆ. ದೇವರನ್ನು ಮುಟ್ಟಿದ ಹೂವು ಕೊಳೆಯುವ ರಾಶಿಗೆ ಬೀಳುವುದು ಸರಿಯೇ ಎಂಬುದು ಒಂದು. ಕೊಳೆತದ್ದರಿಂದ ಎದ್ದ ಹೂವು ದೇವರನ್ನು ಮುಟ್ಟುವುದು ಸರಿಯೇ ಎಂಬುದು ಇನ್ನೊಂದು. ಎರಡೂ ಹಗುರ ಪ್ರಶ್ನೆಗಳಲ್ಲ. ಇವುಗಳ ಹಿಂದೆ ಶುದ್ಧ ಯಾವುದು, ಅಶುದ್ಧ ಯಾವುದು, ಅದನ್ನು ತೀರ್ಮಾನಿಸುವವರು ಯಾರು ಎಂಬ ಬಹಳ ದೊಡ್ಡ ಪ್ರಶ್ನೆ ನಿಂತಿದೆ.

ಎರಡನೆಯ ಅಳುಕಿಗೆ ಉತ್ತರ ಊರಿನ ತಿಪ್ಪೆಯಲ್ಲೇ ಸಿಗುತ್ತದೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ದೀಪಾವಳಿಯ ಪಾಡ್ಯದಂದು ಹೆಣ್ಣುಮಕ್ಕಳು ಆಕಳ ಸಗಣಿಯಿಂದ ಪಾಂಡವರನ್ನು ಮಾಡುತ್ತಾರೆ. ಬೆರಳುದ್ದದ ಮುದ್ದೆಗಳ ನೆತ್ತಿಗೆ ಚೆಂಡು ಹೂ ಸಿಕ್ಕಿಸಿ, ಉತ್ತರಾಣಿ ಕಡ್ಡಿ ಇಟ್ಟು, ಅರಿಶಿನ ಕುಂಕುಮ ಹಚ್ಚಿ ಹೊಸ್ತಿಲ ಬಳಿ ಕೂರಿಸುತ್ತಾರೆ. ಅನೇಕ ಊರುಗಳಲ್ಲಿ ಅದೇ ಹಬ್ಬದಲ್ಲಿ ತಿಪ್ಪೆಗೂ ದೀಪ ಹಚ್ಚಿಟ್ಟು ಹೂ ಏರಿಸುವ ವಾಡಿಕೆಯಿದೆ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಒಂದಿಷ್ಟು ಹೊತ್ತು ಮಲಗಿಸಿ, ತಿಪ್ಪಣ್ಣ, ತಿಪ್ಪವ್ವ ಎಂದು ಹೆಸರಿಟ್ಟು ಕರೆತರುವ ಪದ್ಧತಿಯೂ ಇತ್ತು. ಕಸ ಸೇರುವ ಜಾಗದ ಮಡಿಲಿಗೇ ಕೂಸಿನ ಜೀವವನ್ನು ಒಪ್ಪಿಸಿ ಉಳಿಸಿಕೊಂಡವರಿಗೆ ಗೊಬ್ಬರ ಹೊಲಸಾಗಿ ಕಂಡಿರಲಿಲ್ಲ.

ಹೂವಿಗೆ ಗೊಬ್ಬರ ಕೊಡುವ ವಿಷಯದಲ್ಲಿ ಹಳಬರು ಇನ್ನೂ ಮುಂದೆ ಹೋಗಿದ್ದರು. ಆರನೇ ಶತಮಾನದ ವರಾಹಮಿಹಿರ ತನ್ನ ಬೃಹತ್ಸಂಹಿತೆಯಲ್ಲಿ ಗಿಡಮರಗಳ ಆರೈಕೆಗೆಂದೇ ಒಂದು ಅಧ್ಯಾಯ ಬರೆದ. ಹೂ ಕಾಯಿ ಹೆಚ್ಚಲು ಆಡು ಕುರಿಗಳ ಹಿಕ್ಕೆ, ಎಳ್ಳು, ಜವೆಗೋಧಿಯ ಹಿಟ್ಟು, ಮಾಂಸ ಇವನ್ನು ನೀರಿನಲ್ಲಿ ಏಳು ರಾತ್ರಿ ಕೊಳೆಹಾಕಿ ಬುಡಕ್ಕೆ ಎರೆಯಬೇಕೆಂದು ಅಲ್ಲಿ ಹೇಳಿದೆ. ಮುಂದೆ ಸುರಪಾಲನ ವೃಕ್ಷಾಯುರ್ವೇದದಲ್ಲಿ ಇದೇ ಬಗೆಯ ದ್ರವ ಕುಣಪಜಲ ಎಂಬ ಹೆಸರಿನಲ್ಲಿ ವಿಸ್ತಾರವಾಗಿ ಬರುತ್ತದೆ. ಕನ್ನಡದಲ್ಲಿ ಸುಮಾರು 1025ರಲ್ಲಿ, ಕಲ್ಯಾಣ ಚಾಲುಕ್ಯರ ಕಾಲದಲ್ಲಿ, ಎರಡನೆಯ ಚಾವುಂಡರಾಯ ಬರೆದ ಲೋಕೋಪಕಾರದಲ್ಲೂ ವೃಕ್ಷಾಯುರ್ವೇದಕ್ಕೆ ಪ್ರತ್ಯೇಕ ಅಧ್ಯಾಯವಿದೆ. ಸುಗಂಧದ್ರವ್ಯಗಳ ತಯಾರಿಕೆಗೂ ಅದೇ ಗ್ರಂಥದಲ್ಲಿ ಜಾಗವಿದೆ. ಗಿಡಕ್ಕೆ ಉಣಿಸುವ ವಿದ್ಯೆ ಮತ್ತು ಪರಿಮಳ ಕೂಡಿಸುವ ವಿದ್ಯೆ ಒಂದೇ ಹೊತ್ತಗೆಯಲ್ಲಿ ಅಕ್ಕಪಕ್ಕ ಕೂತಿವೆ. ಆ ಕಾಲದ ಶಾಸನಗಳಲ್ಲಿ ದೇವರ ನಂದಾದೀಪಕ್ಕೆ, ನೈವೇದ್ಯಕ್ಕೆ ಭೂಮಿ ಬಿಟ್ಟಂತೆ ಹೂದೋಟಕ್ಕೂ ಭೂಮಿ ಬಿಟ್ಟ ದತ್ತಿಗಳು ಸಿಗುತ್ತವೆ. ಆ ತೋಟಗಳಿಗೆ ಗೊಬ್ಬರ ಹಾಕದೆ ಯಾರೂ ಹೂ ಬೆಳೆದಿರಲಾರರು. ಹೂವಿನ ಬುಡದಲ್ಲಿ ಏನಿತ್ತು ಎಂದು ಯಾವ ದೇವರೂ ಕೇಳಿರಲಿಲ್ಲ.

ಈ ರೂಢಿಗೆ ತತ್ತ್ವದ ಬುನಾದಿಯೂ ಇದೆ. ಕಣಾದನ ವೈಶೇಷಿಕ ದರ್ಶನ ಪಂಚಭೂತಗಳಿಗೆ ಒಂದೊಂದು ವಿಶೇಷ ಗುಣವನ್ನು ಹೇಳುತ್ತದೆ. ಶಬ್ದ ಆಕಾಶದ್ದು, ಗಂಧ ಪೃಥಿವಿಯದು. ನೀರಿಗಾಗಲಿ ಗಾಳಿಗಾಗಲಿ ತನ್ನದೇ ಆದ ವಾಸನೆಯಿಲ್ಲ, ಅವು ಮಣ್ಣಿನ ಕಣಗಳನ್ನು ಹೊತ್ತಾಗ ಮಾತ್ರ ಸುವಾಸನೆಯೋ ದುರ್ವಾಸನೆಯೋ ಬರುತ್ತದೆ. ಸಂಸ್ಕೃತ ಪಾಠಶಾಲೆಗಳಲ್ಲಿ ಇಂದಿಗೂ ತರ್ಕದ ಮೊದಲ ಪುಸ್ತಕವಾಗಿರುವ ಅನ್ನಂಭಟ್ಟನ ತರ್ಕಸಂಗ್ರಹ ಗಂಧವನ್ನು ಸುರಭಿ, ಅಸುರಭಿ ಎಂದು ಎರಡಾಗಿ ವಿಂಗಡಿಸಿ, ಎರಡನ್ನೂ ಪೃಥಿವಿಗೇ ಒಪ್ಪಿಸುತ್ತದೆ. ಮಲ್ಲಿಗೆಯ ಕಂಪೂ ತಿಪ್ಪೆಯ ನಾತವೂ ಒಂದೇ ತಾಯಿಯ ಗುಣ.

ಅಷ್ಟಕ್ಕೇ ನಿಲ್ಲದೆ ತಾರ್ಕಿಕರು ಇನ್ನೊಂದು ಮಾತು ಸೇರಿಸಿದರು. ಪೃಥಿವಿಯಲ್ಲಿ ರೂಪ, ರಸ, ಗಂಧ, ಸ್ಪರ್ಶಗಳು ಪಾಕಜ, ಅಂದರೆ ಬಿಸಿ ತಾಗಿ ಬದಲಾಗುವಂಥವು. ಆದ್ದರಿಂದಲೇ ಅವು ಅನಿತ್ಯ. ಹಸಿರು ಮಾವಿನಕಾಯಿ ಹಳದಿ ಹಣ್ಣಾಗುವುದು, ಒಗರು ಹೋಗಿ ಸಿಹಿ ಬರುವುದು ಪಾಕದಿಂದ. ಈ ಪಾಕ ನಡೆಯುವುದು ಪರಮಾಣುವಿನಲ್ಲೋ ಇಡೀ ವಸ್ತುವಿನಲ್ಲೋ ಎಂದು ವೈಶೇಷಿಕರೂ ನೈಯಾಯಿಕರೂ ಶತಮಾನಗಟ್ಟಲೆ ವಾದಿಸಿದರು. ಬದಲಾವಣೆ ಆಗುತ್ತದೆ ಎಂಬುದರಲ್ಲಿ ಮಾತ್ರ ಅವರಿಗೆ ಭಿನ್ನಾಭಿಪ್ರಾಯವಿರಲಿಲ್ಲ. ದುರ್ವಾಸನೆ ಯಾವ ವಸ್ತುವಿನ ಹಣೆಬರಹವೂ ಅಲ್ಲ ಎಂದು ಇದರಿಂದ ತಿಳಿಯುತ್ತದೆ.

ಈ ಪಾಕವನ್ನು ಕಣ್ಣಾರೆ ನೋಡಬಯಸುವವರು ಹೂವಿನ ಗೊಬ್ಬರದ ಗುಂಡಿಯ ಪಕ್ಕ ನಿಲ್ಲಬೇಕು. ನಿರ್ಮಾಲ್ಯವನ್ನು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಬಾಯಿ ಕಟ್ಟಿಟ್ಟರೆ ಎರಡೇ ದಿನದಲ್ಲಿ ಗುಲಾಬಿ ಎಸಳು ಕಪ್ಪು ಲೋಳೆಯಾಗುತ್ತದೆ, ಮೂಗು ಮುಚ್ಚಿಕೊಳ್ಳುವಂತೆ ನಾರುತ್ತದೆ. ಎಸಳುಗಳಲ್ಲಿ ನೀರಿನಂಶ ಹೆಚ್ಚು. ಒಂದರ ಮೇಲೊಂದು ಅಂಟಿಕೊಂಡು ಗಾಳಿಯಾಡದಿದ್ದಾಗ, ಗಾಳಿ ಬೇಡದ ಸೂಕ್ಷ್ಮಜೀವಿಗಳು ಮೇಲುಗೈ ಪಡೆಯುತ್ತವೆ. ಅದೇ ಹೂವಿನ ನಡುನಡುವೆ ಒಣ ಪದರು ಹಾಸಿದರೆ ಕಥೆಯೇ ಬೇರೆ. ತೊಗರಿಯ ಕಣಜವೆನಿಸಿದ ಈ ಜಿಲ್ಲೆಯಲ್ಲಿ ತೊಗರಿ ಹೊಟ್ಟಿಗೆ, ಉದುರಿದ ತೊಗರಿ ಎಲೆಗೆ, ಕತ್ತರಿಸಿದ ಜೋಳದ ಕಣಿಕಿಗೆ ಬರವಿಲ್ಲ. ಒಂದು ಪದರು ಹೂ, ಒಂದು ಪದರು ಹೊಟ್ಟು, ಮೇಲೆ ಸಗಣಿ ನೀರಿನ ಸಿಂಪಡಿಕೆ. ಇಂಗಾಲ ಮತ್ತು ಸಾರಜನಕದ ಪ್ರಮಾಣ 25ರಿಂದ 30ಕ್ಕೆ ಒಂದರಂತೆ ಇದ್ದರೆ ರಾಶಿ ಚೆನ್ನಾಗಿ ಕಾಯುತ್ತದೆ. ಸಾಕಷ್ಟು ದೊಡ್ಡ ರಾಶಿಯ ಒಡಲು ಕೆಲವೇ ದಿನಗಳಲ್ಲಿ 55 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಮುಂಜಾನೆ ಸಲಿಕೆಯಿಂದ ಮಗುಚಿದರೆ ಹಬೆ ಏಳುತ್ತದೆ. ಆ ಬಿಸಿಗೆ ರೋಗಾಣುಗಳೂ ಕಳೆಬೀಜಗಳೂ ಸಾಯುತ್ತವೆ. ಆಮೇಲೆ ತಣಿದ ರಾಶಿಗೆ ಎರೆಹುಳು ಬಿಟ್ಟರೆ ಒಂದೂವರೆ ಎರಡು ತಿಂಗಳಲ್ಲಿ ಚಹಾಪುಡಿಯಂಥ ಕಪ್ಪು ಗೊಬ್ಬರ ಕೈಗೆ ಬರುತ್ತದೆ. ಹಿಡಿಯಲ್ಲಿ ಎತ್ತಿ ಮೂಸಿದರೆ ಮೊದಲ ಮಳೆಯ ಮಣ್ಣಿನ ವಾಸನೆ, ಬೇರೇನೂ ಇಲ್ಲ. ಚೆಂಡು ಹೂವಿನ ತೊಟ್ಟು ಮಾತ್ರ ಗಟ್ಟಿ. ಎಸಳು ಮಾಯವಾದ ಎಷ್ಟೋ ದಿನಗಳ ಮೇಲೂ ಅದು ಜರಡಿಯಲ್ಲಿ ಉಳಿದು, ಮುಂದಿನ ರಾಶಿಗೆ ಹೋಗುತ್ತದೆ.

ಗಿಡದ ಬೇರು ಈ ಗೊಬ್ಬರದಿಂದ ವಾಸನೆಯನ್ನು ಹೀರುವುದಿಲ್ಲ. ಸೂಕ್ಷ್ಮಜೀವಿಗಳು ಒಡೆದುಕೊಟ್ಟ ನೈಟ್ರೇಟ್, ಅಮೋನಿಯಂ, ರಂಜಕ, ಪೊಟ್ಯಾಶ್ ಮುಂತಾದ ಲವಣಗಳನ್ನು ನೀರಿನೊಡನೆ ತೆಗೆದುಕೊಳ್ಳುತ್ತದೆ. ಕಂಪಿನ ಕಣಗಳನ್ನು ಗಿಡ ಬಿಸಿಲಿನ ಬಲದಿಂದ ಹೊಸದಾಗಿ ಕಟ್ಟುತ್ತದೆ. ಮಲ್ಲಿಗೆಯ ಪರಿಮಳದಲ್ಲಿ ಬೆಂಝೈಲ್ ಅಸಿಟೇಟ್, ಲಿನಲೂಲ್‌ನಂಥ ಹಿತವಾದ ವಸ್ತುಗಳ ಜೊತೆ ಇಂಡೋಲ್ ಎಂಬುದೂ ಅಲ್ಪ ಪ್ರಮಾಣದಲ್ಲಿದೆ. ಮಲದ ದುರ್ಗಂಧದಲ್ಲೂ ಇರುವ ವಸ್ತು ಇದೇ ಇಂಡೋಲ್. ಮಲ್ಲಿಗೆಗೆ ಅದು ಗೊಬ್ಬರದಿಂದ ಬಂದದ್ದಲ್ಲ, ಗಿಡವೇ ತಯಾರಿಸಿದ್ದು. ಅದನ್ನು ತೆಗೆದರೆ ಮಲ್ಲಿಗೆಯ ಕಂಪು ತೆಳುವಾಗುತ್ತದೆಂದು ಸುಗಂಧ ತಯಾರಿಸುವವರಿಗೆ ಗೊತ್ತು. ಸುರಭಿ, ಅಸುರಭಿ ಎರಡನ್ನೂ ಒಂದೇ ಪೃಥಿವಿಗೆ ಒಪ್ಪಿಸಿದ ತಾರ್ಕಿಕರ ಮಾತಿಗೆ ರಸಾಯನಶಾಸ್ತ್ರ ತನ್ನ ಕಡೆಯಿಂದ ಹೀಗೊಂದು ಸಾಕ್ಷಿ ಇಟ್ಟಿದೆ.

ಇನ್ನು ಮೊದಲ ಅಳುಕು. ದೇವರ ಹೂವನ್ನು ಕೊಳೆಸುವುದು ಅಪಚಾರವಲ್ಲವೇ?

ನಿರ್ಮಾಲ್ಯದ ಬಗ್ಗೆ ಪರಂಪರೆ ಬಹಳ ಗಂಭೀರವಾಗಿದೆ. ಶೈವಾಗಮಗಳ ಪ್ರಕಾರ ಶಿವನಿಗೆ ಅರ್ಪಿಸಿದ್ದರ ಶೇಷ ಚಂಡೇಶ್ವರನ ಪಾಲು, ಮಿಕ್ಕವರು ಅದಕ್ಕೆ ಆಸೆಪಡುವಂತಿಲ್ಲ. ಶಿವಮಹಿಮ್ನ ಸ್ತೋತ್ರದ ಕರ್ತೃವೆಂದು ಹೇಳಲಾಗುವ ಗಂಧರ್ವ ಪುಷ್ಪದಂತನ ಕಥೆ ಎಲ್ಲರಿಗೂ ಗೊತ್ತಿರುವಂಥದ್ದು. ಅವನು ಕಣ್ಣಿಗೆ ಕಾಣದಂತೆ ಬಂದು ರಾಜನ ತೋಟದ ಹೂ ಕದಿಯುತ್ತಿದ್ದ. ಕಳ್ಳನನ್ನು ಹಿಡಿಯಲು ರಾಜ ತೋಟದ ತುಂಬ ಶಿವನಿರ್ಮಾಲ್ಯ ಹರಡಿಸಿದ. ಅರಿಯದೆ ಅದನ್ನು ತುಳಿದ ಗಂಧರ್ವ ಅದೃಶ್ಯನಾಗುವ ಶಕ್ತಿಯನ್ನು ಕಳೆದುಕೊಂಡ, ಶಿವನನ್ನು ಸ್ತುತಿಸಿ ಅದನ್ನು ಮರಳಿ ಪಡೆದ. ಈ ಕಥೆಯಲ್ಲಿ ತಪ್ಪು ತುಳಿದದ್ದರಲ್ಲಿದೆ. ನಿರ್ಮಾಲ್ಯ ಹೂಗಿಡಗಳ ಬುಡದಲ್ಲಿ ಬಿದ್ದಿದ್ದು ಅಪಚಾರವೆಂದು ಕಥೆ ಎಲ್ಲಿಯೂ ಹೇಳುವುದಿಲ್ಲ.

ಕಟ್ಟಳೆಯ ತಿರುಳು ಅಷ್ಟೇ: ಕಾಲಿಗೆ ಸಿಗಬಾರದು, ಹೀನಾಯವಾಗಬಾರದು. ಅದರ ಒಳಗೇ ಸಂಪ್ರದಾಯ ಎಷ್ಟೋ ಸಡಿಲಿಕೆಗಳನ್ನು ಇಟ್ಟುಕೊಂಡಿದೆ. ಬಿಲ್ವವನ್ನು ತೊಳೆದು ಮತ್ತೆ ಏರಿಸಬಹುದು. ನೆಲಕ್ಕೆ ಬಿದ್ದ ಹೂ ಪೂಜೆಗೆ ಬಾರದಿದ್ದರೂ ಪಾರಿಜಾತಕ್ಕೆ ಆ ನಿಯಮವಿಲ್ಲ, ಅದನ್ನು ಮಣ್ಣಿನಿಂದಲೇ ಆರಿಸಿ ತರುತ್ತಾರೆ. ಇಷ್ಟಲಿಂಗಕ್ಕೆ ಏರಿದ ಹೂ ಲಿಂಗವಂತರಿಗೆ ಪ್ರಸಾದ. ಕಲಬುರಗಿಯ ಖ್ವಾಜಾ ಬಂದೇನವಾಜ್ ದರ್ಗಾದಲ್ಲಿ, ಆಳಂದದ ಲಾಡ್ಲೆ ಮಶಾಕ್ ದರ್ಗಾದಲ್ಲಿ ಗೋರಿಯ ಮೇಲೆ ಹೊದಿಸುವ ಹೂವಿನ ಚಾದರದ ಎಸಳನ್ನೂ ಭಕ್ತರು ಕಣ್ಣಿಗೊತ್ತಿಕೊಳ್ಳುತ್ತಾರೆ. ಅದನ್ನೂ ಕಾಲಡಿ ಬೀಳಗೊಡುವುದಿಲ್ಲ. ಧರ್ಮ ಯಾವುದೇ ಇರಲಿ, ಅರ್ಪಿಸಿದ ಹೂವಿನ ಬಗೆಗಿನ ಕಾಳಜಿ ಒಂದೇ ತೆರನಾದದ್ದು.

ಈ ಕಾಳಜಿಯನ್ನು ಇವತ್ತು ಹೊಳೆ ಕಾಯಬಲ್ಲದೇ? ಹರಿಯುವ ನೀರಿಗೆ ಬಿಡಬೇಕೆಂದು ಹಿರಿಯರು ಹೇಳಿದ್ದು ಹರಿಯುವ ಹೊಳೆಯನ್ನು ನೋಡಿ. ಇಂದಿನ ಭೀಮೆ ಮೇಲೆ ಮಹಾರಾಷ್ಟ್ರದ ಉಜನಿ ಜಲಾಶಯಕ್ಕೂ ಇಲ್ಲಿ ಸೊನ್ನ ಬ್ಯಾರೇಜು ಮತ್ತು ಅದರ ಕೆಳಗಿನ ತಡೆಗಳಿಗೂ ಕಟ್ಟುಬಿದ್ದ ಹೊಳೆ. 2020ರ ಅಕ್ಟೋಬರಿನಲ್ಲಿ ಅದು ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಊರುಗಳಿಗೆ ನುಗ್ಗಿತು. ಬೇಸಿಗೆಯಲ್ಲಿ ಅದೇ ಹೊಳೆ ಮಡುಗಳಾಗಿ ಒಡೆದು ನಿಲ್ಲುತ್ತದೆ. ನಿಂತ ನೀರಿಗೆ ಬಿದ್ದ ಹೂ ಕೊಳೆಯುವಾಗ ನೀರಿನ ಆಮ್ಲಜನಕವನ್ನು ಕಬಳಿಸಿ ಮೀನಿನ ಉಸಿರಿಗೆ ಕುತ್ತು ತರುತ್ತದೆ. ಹಾರದ ನೈಲಾನ್ ದಾರ, ಜರಿಪಟ್ಟಿ, ಥರ್ಮಾಕೋಲ್ ದಂಡೆಗೆ ಬಂದು ಬೀಳುತ್ತವೆ. ಸ್ನಾನಕ್ಕಿಳಿಯುವವರು ಅದೇ ಹೂವನ್ನು ತುಳಿದುಕೊಂಡೇ ನೀರಿಗಿಳಿಯುತ್ತಾರೆ. ಪುಷ್ಪದಂತನ ತಪ್ಪು ಅಲ್ಲಿ ದಿನವೂ ನಡೆಯುತ್ತದೆ. ಮೂರ್ತಿ ವಿಸರ್ಜನೆಗೆ ಮುನ್ನ ಹೂ, ಬಟ್ಟೆ, ಅಲಂಕಾರದ ಸಾಮಗ್ರಿಗಳನ್ನು ತೆಗೆದು ಬೇರೆ ಇಡಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾರ್ಗಸೂಚಿ ಹೇಳುವುದೂ ಇದೇ ಕಾರಣಕ್ಕೆ. ಗುಡಿಯ ಆವರಣದಲ್ಲೇ ಕಟ್ಟೆ ಕಟ್ಟಿದ, ಮೇಲೆ ನೆರಳಿರುವ, ಯಾರ ಕಾಲೂ ತಾಗದ ಒಂದು ಗುಂಡಿ ಶಾಸ್ತ್ರದ ಆಶಯವನ್ನು ನಿಂತ ಹೊಳೆಗಿಂತ ಚೆನ್ನಾಗಿ ಪಾಲಿಸುತ್ತದೆ. ಅರ್ಪಣೆ ಅಲ್ಲಿ ಮುಗಿಯುವುದೂ ಇಲ್ಲ, ಮುಂದಿನ ಹೂವಿನ ಬೇರಿಗೆ ಸೇರಿ ಇನ್ನೊಂದು ಅರ್ಪಣೆಗೆ ಮೊದಲಾಗುತ್ತದೆ.

ಎಲ್ಲ ಸರಿ, ಆ ಗುಂಡಿಗೆ ಇಳಿಯುವವರು ಯಾರು? ಶುದ್ಧಿಯ ಮಾತು ನಿಜವಾಗಿ ಬಿಗಿಯಾಗುವುದು ಇಲ್ಲಿ.

ಧರ್ಮಶಾಸ್ತ್ರಗಳಲ್ಲಿ ದ್ರವ್ಯಶುದ್ಧಿಯ ಪ್ರಕರಣವಿದೆ. ಮಣ್ಣು, ನೀರು, ಬೆಂಕಿ, ಗಾಳಿ, ಬಿಸಿಲು, ಕಾಲ ಇವು ಶುದ್ಧಿಗೊಳಿಸುವ ಸಾಧನಗಳೆಂದು ಮನುಸ್ಮೃತಿಯೂ ಪಟ್ಟಿ ಮಾಡುತ್ತದೆ. ಗೊಬ್ಬರದ ಗುಂಡಿಯಲ್ಲಿ ಇವಿಷ್ಟೂ ಸೇರಿ ಕೆಲಸ ಮಾಡುತ್ತವೆ. ಆದರೆ ಮಡಕೆಗೆ, ಬಟ್ಟೆಗೆ, ಧಾನ್ಯಕ್ಕೆ, ಲೋಹಕ್ಕೆ ಶುದ್ಧಿಯ ದಾರಿ ತೋರಿದ ಅವೇ ಗ್ರಂಥಗಳು ಕೆಲವು ಮನುಷ್ಯರ ಹುಟ್ಟಿಗೆ ಆ ದಾರಿಯನ್ನು ಮುಚ್ಚಿದವು. ಕಸ ಮೂರು ತಿಂಗಳಲ್ಲಿ ಶುದ್ಧವಾಗಬಹುದಿತ್ತು, ಕಸ ಎತ್ತುವವನು ಏಳು ತಲೆಮಾರು ಕಳೆದರೂ ಆಗುವಂತಿರಲಿಲ್ಲ. ಈ ಅನ್ಯಾಯವನ್ನು ಎದುರಿಸದೆ ಹೂವಿನ ಗೊಬ್ಬರದ ಬಗ್ಗೆ ಏನು ಬರೆದರೂ ಅದು ಅರ್ಧ ಮಾತು.

ಭೀಮೆಯ ದಂಡೆ ಇದಕ್ಕೆ ಬಹಳ ಹಿಂದೆಯೇ ಉತ್ತರ ಕೇಳಿತ್ತು. ಇದೇ ಹೊಳೆ ಕೆಳಗೆ ಹರಿದು ಚಿತ್ತಾಪುರ ತಾಲ್ಲೂಕಿನ ಸನ್ನತಿಯನ್ನು ಮುಟ್ಟುತ್ತದೆ. ಅದರ ಪಕ್ಕದ ಕನಗನಹಳ್ಳಿಯ ಬೌದ್ಧ ಸ್ತೂಪದಲ್ಲಿ ಅಶೋಕನ ಹೆಸರು ಕೊರೆದ ಶಿಲ್ಪ ಸಿಕ್ಕಿದೆ. ಆ ಧರ್ಮದ ಗ್ರಂಥಗಳಲ್ಲಿ ಒಂದಾದ ಥೇರಗಾಥೆಯಲ್ಲಿ ಸುನೀತನೆಂಬ ಭಿಕ್ಷು ತನ್ನ ಬದುಕನ್ನು ಹೇಳಿಕೊಂಡಿದ್ದಾನೆ. ಹೀನವೆನಿಸಿದ ಕುಲದಲ್ಲಿ ಹುಟ್ಟಿದ ಬಡವ. ಅವನ ಕೆಲಸ ಬಾಡಿದ ಹೂ ಎತ್ತಿ ಬಿಸಾಡುವುದು. ಮಗಧದ ನಗರಕ್ಕೆ ಬಂದ ಬುದ್ಧನನ್ನು ಕಂಡು, ಹೊರೆ ಇಳಿಸಿ, ಹತ್ತಿರ ಹೋಗಿ ವಂದಿಸಿದ. ಸಂಘಕ್ಕೆ ಸೇರಿಸಿಕೊಳ್ಳಿರೆಂದು ಬೇಡಿದ. ಬುದ್ಧ ಬಾ ಎಂದು ಕರೆದ, ಅದೇ ಅವನ ದೀಕ್ಷೆಯಾಯಿತು. ಮುಂದೆ ಇಂದ್ರ, ಬ್ರಹ್ಮರೇ ಬಂದು ಅವನಿಗೆ ಕೈಮುಗಿದರೆಂದು ಗಾಥೆ ಹೇಳುತ್ತದೆ. ಧಮ್ಮಪದದ ಹೂವಿನ ವರ್ಗದಲ್ಲೂ ಹಾದಿಬದಿಯ ಕಸದ ರಾಶಿಯಲ್ಲಿ ಅರಳುವ ಕಂಪಿನ ತಾವರೆಯ ಹೋಲಿಕೆ ಬರುತ್ತದೆ.

ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಶರಣರು ಜಾತಿಸೂತಕ, ಉಚ್ಛಿಷ್ಟಸೂತಕಗಳನ್ನೂ ಸೇರಿಸಿ ಐದು ಸೂತಕಗಳನ್ನು ತಳ್ಳಿಹಾಕಿದರು. ಶರಣರ ಅಂಗಳ ಗುಡಿಸುವುದು ಸತ್ಯಕ್ಕನ ಕಾಯಕವಾಗಿತ್ತು, ಆಕೆ ವಚನಕಾರ್ತಿಯೂ ಹೌದು. ಹೂಗಾರರು ತಮ್ಮ ಕುಲದ ಹಿರಿಯನೆಂದು ನೆನೆಯುವ ಹೂಗಾರ ಮಾದಯ್ಯನದು ಹೂ ಪತ್ರಿ ಒದಗಿಸುವ ಕಾಯಕ. ಕಸ ಗುಡಿಸುವವಳಿಗೂ ಹೂ ಕಟ್ಟುವವನಿಗೂ ಅಲ್ಲಿ ಕೂರಲು ಒಂದೇ ಹಾಸು. ಜೇವರ್ಗಿ ಸೀಮೆಯ ಕಡಕೋಳದ ಮಡಿವಾಳಪ್ಪನವರ ತತ್ತ್ವಪದಗಳಲ್ಲೂ ಈ ಹಟ ಮುಂದುವರಿಯಿತು. ಅವರ ಶಿಷ್ಯರಲ್ಲಿ ಚೆನ್ನೂರ ಜಲಾಲ ಸಾಹೇಬರೂ ಇದ್ದರು. 1970ರ ದಶಕದಲ್ಲಿ ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ರಾಜ್ಯದಲ್ಲಿ ನಿಷೇಧಿಸಿದ್ದನ್ನು ಈ ಸಾಲಿನಲ್ಲೇ ಇಟ್ಟು ನೋಡಬೇಕು. ದೂರದ ಕಾನ್ಪುರದಲ್ಲಿ 2017ರಲ್ಲಿ ಶುರುವಾದ ಫೂಲ್ ಎಂಬ ಸಂಸ್ಥೆ ಗಂಗೆಯ ಪಾಲಾಗುತ್ತಿದ್ದ ಗುಡಿಗಳ ಹೂವಿನಿಂದ ಊದುಬತ್ತಿ ಮಾಡುತ್ತದೆ. ಮಲ ಹೊರುವ ಕೆಲಸಕ್ಕೆ ಕಟ್ಟುಬಿದ್ದಿದ್ದ ಸಮುದಾಯದ ಹೆಣ್ಣುಮಕ್ಕಳಿಗೆ ಅಲ್ಲಿ ಸಂಬಳದ ಕೆಲಸ ಸಿಕ್ಕಿದ್ದು ಊದುಬತ್ತಿಯ ಪರಿಮಳಕ್ಕಿಂತ ದೊಡ್ಡ ಸಂಗತಿ.

ಹಾಗೆಂದು ಎಚ್ಚರ ತಪ್ಪುವಂತಿಲ್ಲ. ಮಾರುಕಟ್ಟೆಯ ಗುಲಾಬಿ, ಸೇವಂತಿಗಳಿಗೆ ಕೀಟನಾಶಕ ಹೊಡೆದಿರುತ್ತಾರೆ. ಅಗ್ಗದ ಕುಂಕುಮದಲ್ಲಿ ರಾಸಾಯನಿಕ ಬಣ್ಣ ಬೆರೆತಿರುತ್ತದೆ. ಈ ಗೊಬ್ಬರವನ್ನು ಕಾಯಿಪಲ್ಲೆಗೆ ಹಾಕುವ ಬದಲು ಹೂಗಿಡಗಳಿಗೇ ಮೀಸಲಿಡುವುದು ಕ್ಷೇಮ. ಅರೆಬೆಂದ ಗೊಬ್ಬರ ಬೇರನ್ನು ಸುಡುತ್ತದೆ. ಸಾರಜನಕ ಅತಿಯಾದರೆ ಎಲೆ ದಟ್ಟೈಸಿ ಹೂ ಕಡಿಮೆಯಾಗುತ್ತದೆ. ಎಂಜಲೆಲೆ, ಅಡುಗೆಮನೆಯ ಕಸದೊಂದಿಗೆ ನಿರ್ಮಾಲ್ಯ ಬೆರೆಯಬಾರದೆಂಬ ಭಕ್ತರ ಭಾವನೆಗೂ ಬೆಲೆ ಕೊಡಬೇಕು. ಅದಕ್ಕೆ ಪ್ರತ್ಯೇಕ ಗುಂಡಿಯೇ ಪರಿಹಾರ, ಅದೇನೂ ದುಬಾರಿಯಲ್ಲ.

ಗುಡಿಗಳ ಆಡಳಿತ ಮಂಡಳಿಗಳು, ಮುಜರಾಯಿ ಇಲಾಖೆ, ದರ್ಗಾ ಸಮಿತಿಗಳು ಮನಸ್ಸು ಮಾಡಿದರೆ ಮುಂದಿನ ಜಾತ್ರೆ, ಉರುಸಿನೊಳಗೆ ಆಗುವ ಕೆಲಸ ಇದು. ಬಾಳೆನಾರು ಅಥವಾ ಹತ್ತಿ ದಾರದಲ್ಲಿ ಕಟ್ಟಿದ ಹಾರವನ್ನಷ್ಟೇ ಒಳಗೆ ಬಿಡುವುದು, ತೊಗರಿ ಹೊಟ್ಟನ್ನು ಸುತ್ತಲಿನ ರೈತರಿಂದ ಸುಗ್ಗಿಯಲ್ಲೇ ಕೊಂಡಿಡುವುದು, ರಾಶಿ ಮಗುಚುವವರಿಗೆ ಕೈಗವಸು, ತಿಂಗಳ ಸಂಬಳ, ಗರ್ಭಗುಡಿಯ ಎದುರು ಅರ್ಚಕರ ಕೈಯಿಂದಲೇ ಮೊದಲ ಪ್ರಸಾದ ಕೊಡುವುದು. ತಯಾರಾದ ಗೊಬ್ಬರದಲ್ಲಿ ಒಂದು ಪಾಲು ಗುಡಿಯ ಹೂದೋಟಕ್ಕೆ, ಒಂದು ಪಾಲು ಅದೇ ಗುಡಿಗೆ ಹೂ ತರುವ ಹೂಗಾರರ ಮತ್ತು ಮಾಲೆ ಕಟ್ಟುವ ಬಡ ಕುಟುಂಬಗಳ ಹಿತ್ತಲಿಗೆ, ಉಳಿದದ್ದು ಬೇಡಿ ಬಂದ ಭಕ್ತರಿಗೆ ಹೋಗಲಿ. ಸೇವಾ ಪಟ್ಟಿಯ ಹಲಗೆಯ ಮೇಲೆ ಪುಷ್ಪಾಲಂಕಾರ ಸೇವೆಯ ಕೆಳಗೆ ನಿರ್ಮಾಲ್ಯ ಗೊಬ್ಬರ ಸೇವೆ ಎಂದು ಇನ್ನೊಂದು ಸಾಲು ಬರೆಸಬಹುದು. ಅದರ ರಸೀದಿಯ ಹಣ ಗುಂಡಿಯಲ್ಲಿ ದುಡಿಯುವವರ ಸಂಬಳಕ್ಕೆ ನೇರವಾಗಿ ಸೇರಬೇಕು.